ಪುಲಿಗೆರೆ: ಹೊಳೆಯಿಲ್ಲದ ನಗರದ ಬಾಳುವೆ

ಕನ್ನಡ ನಾಡಿನ ಹಳೆಯ ರಾಜಧಾನಿಗಳನ್ನು ಒಂದೊಂದಾಗಿ ನೆನೆದರೆ ಬಹುಪಾಲು ಎಲ್ಲದರ ಮಗ್ಗುಲಲ್ಲೂ ಒಂದು ಹೊಳೆ ಹರಿಯುವುದು ಕಾಣುತ್ತದೆ. ಬನವಾಸಿಗೆ ವರದೆ, ತಲಕಾಡಿಗೆ ಕಾವೇರಿ, ಮಾನ್ಯಖೇಟಕ್ಕೆ ಕಾಗಿಣೆ, ವಿಜಯನಗರಕ್ಕೆ ತುಂಗಭದ್ರೆ. ಹೊಳೆಯ ದಂಡೆ, ಅರಮನೆಯ ಸಾಮೀಪ್ಯ, ಕಾಲ್ನಡಿಗೆಯಲ್ಲಿ ಮುಗಿಯುವಷ್ಟು ಅಳತೆಯ ಬೀದಿಗಳು: ಈ ಮೂರೂ ಕೂಡಿದ ಊರೇ ವಾಸಕ್ಕೆ ಯೋಗ್ಯವೆಂಬ ಭಾವನೆ ನಮ್ಮ ಕಾವ್ಯಗಳ ಪುರವರ್ಣನೆಗಳಲ್ಲಿ ಬೇರುಬಿಟ್ಟಿದೆ. ಇಂದಿನ ಪ್ರವಾಸಿ ಕೈಪಿಡಿಗಳೂ ಈ ಮಾತನ್ನೇ ಬೇರೆ ಶಬ್ದಗಳಲ್ಲಿ ಹೇಳುತ್ತವೆ. ಆದರೆ ಇತಿಹಾಸದ ಸಾಕ್ಷ್ಯವನ್ನು ಸ್ವಲ್ಪ ಎಚ್ಚರದಿಂದ ನೋಡಿದರೆ, ಒಂದು ನಗರದಲ್ಲಿ ಸಾವಿರ ವರ್ಷ ಜನ ಬಾಳುವಂತೆ ಮಾಡುವ ಸಂಗತಿಗಳು ಇವೇ ಹೌದೋ ಎಂಬ ಸಂದೇಹ ಹುಟ್ಟುತ್ತದೆ. ಇಂದು ಲಕ್ಷ್ಮೇಶ್ವರವೆಂದು ಕರೆಯುವ ಪುಲಿಗೆರೆ ಈ ಸಂದೇಹಕ್ಕೆ ತಕ್ಕ ನಿದರ್ಶನ.

ಪುಲಿಗೆರೆಗೆ ಹೊಳೆಯಿಲ್ಲ. ತುಂಗಭದ್ರೆ ಹರಿಯುವುದು ದೂರದಲ್ಲಿ, ಶಿರಹಟ್ಟಿ ಮುಂಡರಗಿ ತಾಲ್ಲೂಕುಗಳ ದಕ್ಷಿಣದ ಅಂಚಿನಲ್ಲಿ. ಊರಿನ ಹೆಸರಿನಲ್ಲಿಯೇ ಇರುವುದು ಕೆರೆ. ಪುಲಿಯ ಕೆರೆ ಪುಲಿಗೆರೆಯಾಯಿತು. ಪಕಾರ ಹಕಾರವಾದ ಮೇಲೆ ಹುಲಿಗೆರೆಯಾಯಿತು. ಸಂಸ್ಕೃತ ಶಾಸನಗಳಲ್ಲಿ ಪುಲಿಕರನಗರವೆಂದು ಮೆರೆಯಿತು. ಕರಿಮಣ್ಣಿನ ಬಯಲಿನಲ್ಲಿ ಮಳೆಯ ನೀರನ್ನು ಕಟ್ಟಿ ನಿಲ್ಲಿಸಿಕೊಂಡವರು, ಹೊಳೆಯಂತೆ ನೀರು ತಾನಾಗಿ ಹರಿದು ಬರುವುದೆಂಬ ಭರವಸೆಯಿಲ್ಲದವರು, ಈ ಊರಿಗೆ ಹೆಸರಿಟ್ಟರು. ಇನ್ನು ರಾಜಧಾನಿಯ ಮಾತು. ಪುಲಿಗೆರೆ-300 ಎಂಬ ನಾಡಿಗೆ ಇದು ಮುಖ್ಯ ಪಟ್ಟಣವಾಗಿದ್ದುದು ನಿಜ. ಆದರೆ ಯಾವ ಸಾಮ್ರಾಜ್ಯದ ಸಿಂಹಾಸನವೂ ಇಲ್ಲಿ ನೆಲೆಯಾಗಿ ನಿಲ್ಲಲಿಲ್ಲ. ರಾಷ್ಟ್ರಕೂಟರ ಕಾಲದಲ್ಲಿ ಬನವಾಸಿ ನಾಡನ್ನಾಳಿದ ಚೆಲ್ಲಕೇತನರ ಬಂಕಾಪುರ, ಬೆಳ್ವೊಲ-300ರ ಮುಖ್ಯ ಪಟ್ಟಣವಾಗಿದ್ದು ಕೊನೆಗೆ ನಾಲ್ಕನೆಯ ಸೋಮೇಶ್ವರನಿಗೆ ರಾಜಧಾನಿಯೂ ಆದ ಅಣ್ಣಿಗೇರಿ, ಇವು ಗಟ್ಟಿಕಾಲಿನವರಿಗೆ ಒಂದೆರಡು ದಿನದ ನಡಿಗೆಯ ದೂರದಲ್ಲಿದ್ದವು. ಅರಸರು ಹತ್ತಿರದಲ್ಲಿದ್ದರು, ಮನೆಯ ಬಾಗಿಲಲ್ಲಿ ಇರಲಿಲ್ಲ.

ಇದಕ್ಕೆ ಎದುರಾಗಿ ಕಿಸುವೊಳಲನ್ನು ಇಟ್ಟು ನೋಡಬೇಕು. ಇಂದಿನ ಪಟ್ಟದಕಲ್ಲು. ಅದು ಮಲಪ್ರಭೆಯ ದಂಡೆಯ ಮೇಲಿದೆ. ಹೊಳೆ ಅಲ್ಲಿ ಉತ್ತರಕ್ಕೆ ತಿರುಗುವುದರಿಂದ ಪುಣ್ಯಸ್ಥಳವೆನಿಸಿತು. ರಾಜಧಾನಿ ಬಾದಾಮಿ ಸುಮಾರು 22 ಕಿ.ಮೀ. ದೂರ. ಹೊಳೆ, ಅರಮನೆ, ನಡೆಯಬಲ್ಲ ಅಳತೆ, ಮೂರೂ ಅಲ್ಲಿ ಕೂಡಿದ್ದವು. ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗಾಗಿ ರಾಣಿ ಲೋಕಮಹಾದೇವಿ ಅಲ್ಲಿಯೇ ಲೋಕೇಶ್ವರ ದೇವಾಲಯವನ್ನು, ಅಂದರೆ ಇಂದಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದಳು. ಚಾಲುಕ್ಯರ ಈ ಶಾಖೆ 8ನೆಯ ಶತಮಾನದ ನಡುವೆ ದಂತಿದುರ್ಗನ ಕೈಯಲ್ಲಿ ಕೊನೆಗೊಂಡಿತು. ಕಿಸುವೊಳಲು ಒಮ್ಮೆಲೇ ಹಾಳಾಯಿತೆಂದು ಹೇಳುವುದು ತಪ್ಪಾದೀತು. ರಾಷ್ಟ್ರಕೂಟರ ಕಾಲದಲ್ಲಿ ಅಲ್ಲೊಂದು ಚೆಲುವಾದ ಜಿನಾಲಯ ಎದ್ದಿತು. ಅನಂತರದ ಶತಮಾನಗಳಲ್ಲಿಯೂ ದಾನಶಾಸನಗಳು ಹುಟ್ಟಿದವು. ಆದರೂ ಅದು ಕ್ರಮೇಣ ಹಳ್ಳಿಯಾಯಿತು. 1987ರಲ್ಲಿ ವಿಶ್ವಪರಂಪರೆಯ ತಾಣವಾದ ಮೇಲಂತೂ ಆ ಹಳ್ಳಿಯೇ ಸ್ಮಾರಕಗಳಿಗೆ ಅಡ್ಡಿಯೆಂಬ ಮಾತು ಕೇಳಿಬಂತು. ಮನೆಗಳನ್ನು ಬೇರೆಡೆಗೆ ಸಾಗಿಸುವ ಚರ್ಚೆ ವರ್ಷಗಳಿಂದ ನಡೆದಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯೇ ಗುಡಿಗಳ ಅಂಗಳಕ್ಕೆ ನುಗ್ಗಿದಳು. ಹೊಳೆಯ ದಂಡೆಯ ವಾಸಕ್ಕೆ ಈ ಮುಖವೂ ಉಂಟು.

ಕುತೂಹಲದ ಸಂಗತಿಯೆಂದರೆ, ಕಿಸುವೊಳಲಿನಲ್ಲಿ ಕಲ್ಲಿನ ಶಿಖರಗಳನ್ನೆತ್ತಿಸಿದ ಅದೇ ವಿಕ್ರಮಾದಿತ್ಯ ಪುಲಿಗೆರೆಗೂ ಒಂದು ಕೊಡುಗೆ ಕೊಟ್ಟಿದ್ದಾನೆ. ಅವನಿನ್ನೂ ಯುವರಾಜನಾಗಿದ್ದಾಗ, ತಂದೆ ವಿಜಯಾದಿತ್ಯನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 725ರ ಹೊತ್ತಿಗೆ, ಪುಲಿಗೆರೆಯ ಮಹಾಜನರು, ವರ್ತಕರ ಕೂಟವಾದ ನಗರ, ಹದಿನೆಂಟು ಪ್ರಕೃತಿಗಳು ಇವರಿಗೆ ಒಂದು ‘ಆಚಾರವ್ಯವಸ್ಥೆ’ಯನ್ನು ಹಾಕಿಕೊಟ್ಟ. ಹದಿನೆಂಟು ಪ್ರಕೃತಿಗಳೆಂದರೆ ಊರಿನ ಎಲ್ಲ ಕಸುಬಿನ ಸಮುದಾಯಗಳು ಎಂದು ತಿಳಿಯಬಹುದು. ಈ ಹಳಗನ್ನಡ ಶಾಸನವನ್ನು ಬಾರ್ನೆಟ್ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಿ ಪ್ರಕಟಿಸಿದರು. ನಮ್ಮ ಸಾಹಿತ್ಯಚರಿತ್ರೆಗಳು ಇದನ್ನು ಗದ್ಯದ ಮಾದರಿಯೆಂದಷ್ಟೇ ಗಮನಿಸಿ ಮುಂದೆ ಸಾಗುತ್ತವೆ. ನನ್ನ ಎಣಿಕೆಯಲ್ಲಿ ಇದು ಕನ್ನಡದ ನಗರಜೀವನಕ್ಕೆ ಸಂಬಂಧಿಸಿದ ಬಹು ಮುಖ್ಯ ದಾಖಲೆ.

ಅದರಲ್ಲಿ ದೇವರಿಗೆ ಬಿಟ್ಟ ಭೂಮಿಯ ವಿವರವಿಲ್ಲ. ಗೆದ್ದ ಯುದ್ಧದ ಬಣ್ಣನೆಯಿಲ್ಲ. ಇರುವುದು ಅರಸನ ಅಧಿಕಾರಿಗಳೂ ಊರವರೂ ಒಬ್ಬರೊಡನೊಬ್ಬರು ಹೇಗೆ ನಡೆದುಕೊಳ್ಳಬೇಕೆಂಬ ಒಪ್ಪಂದ. ರಾಜಪುರುಷರು ಜನರಿಲ್ಲದ ಮನೆಗಳನ್ನು ಕಾಯಬೇಕು. ಅರಸನು ಕೊಟ್ಟ ದತ್ತಿಯನ್ನೂ ತಾಮ್ರಶಾಸನವನ್ನೂ ಮನ್ನಿಸಬೇಕು. ಹಿಂದಿನಿಂದ ಅನುಭವಿಸಿಕೊಂಡು ಬಂದ ಸ್ವತ್ತನ್ನು ಅಲುಗಿಸಬಾರದು. ಊರಿನ ರೂಢಿಗೂ ಸಜ್ಜನರ ಸಾಕ್ಷ್ಯಕ್ಕೂ ಬೆಲೆ ಕೊಡಬೇಕು. ಪ್ರತಿಯಾಗಿ, ಒಕ್ಕಲಿರುವ ಮನೆಗಳು ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ತೆರಿಗೆ ಸಲ್ಲಿಸಬೇಕು. ಮೇಲಿನ ಅಂತಸ್ತಿನ ಮನೆಗೆ ಹೆಚ್ಚು, ನಡುವಿನದಕ್ಕೆ ಅದಕ್ಕಿಂತ ಕಡಿಮೆ, ಬಡಮನೆಗೆ ಇನ್ನೂ ಕಡಿಮೆ. ಕಳವು ಮತ್ತು ಸಣ್ಣಪುಟ್ಟ ಅಪರಾಧಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸ್ವತ್ತು, ಇವುಗಳಿಗೂ ಅಲ್ಲಿ ಕಟ್ಟಳೆಯಿದೆ. ಕಸುಬುದಾರರ ಶ್ರೇಣಿಗೂ ಅದರಲ್ಲಿ ಸ್ಥಾನವಿದೆ.

ಇಲ್ಲಿ ಎಣಿಕೆಯ ಘಟಕ ಮನೆ. ಹೊಲವಲ್ಲ, ಕುಲವಲ್ಲ, ತಲೆಯೂ ಅಲ್ಲ. ಜನರಿರುವ ಮನೆಗೆ ಹೊಣೆ, ಜನರಿಲ್ಲದ ಮನೆಗೆ ಕಾವಲು. ಊರೆಂದರೆ ವಾಸದ ಮನೆಗಳ ಒಕ್ಕೂಟವೆಂಬ ತಿಳಿವಳಿಕೆ ಇಷ್ಟು ಸ್ಪಷ್ಟವಾಗಿ ಬೇರೆಡೆ ಸಿಗುವುದು ಅಪರೂಪ. ಬಾಗಿಲು ಹಾಕಿದ ಮನೆಗೆ ಏಕೆ ಕಾವಲು ಬೇಕಿತ್ತು ಎಂಬುದನ್ನು ಶಾಸನ ಬಿಡಿಸಿ ಹೇಳುವುದಿಲ್ಲ. ವ್ಯಾಪಾರಿಗಳ ಊರಾದ್ದರಿಂದ ಊಹಿಸುವುದು ಕಷ್ಟವಲ್ಲ. ತಿಂಗಳುಗಟ್ಟಲೆ ದೇಶಾಂತರ ಹೋದ ವರ್ತಕನು ಮರಳಿ ಬಂದಾಗ ಅವನ ಮನೆ ಅವನದಾಗಿಯೇ ಉಳಿದಿರಬೇಕು. ಈ ನಂಬಿಕೆಯಿಲ್ಲದಿದ್ದರೆ ಅವನು ಹೋಗಲಾರ, ಹೋದವನು ಬರಲಾರ.

ಪುಲಿಗೆರೆಯ ಹಳಮೆಯನ್ನು ಹೇಳುವಾಗ ಶಂಖಬಸದಿಯನ್ನು ಬಿಟ್ಟು ಮುಂದೆ ಹೋಗಲಾಗದು. ಶಂಖವು ತೀರ್ಥಂಕರ ನೇಮಿನಾಥನ ಲಾಂಛನ, ಬಸದಿಯೂ ನೇಮಿನಾಥನದು. ಈ ಜಿನಾಲಯಕ್ಕೆ ಬಾದಾಮಿಯ ಚಾಲುಕ್ಯರು ತಲೆಮಾರಿನಿಂದ ತಲೆಮಾರಿಗೆ ದತ್ತಿ ಬಿಟ್ಟರೆಂದು ಇಲ್ಲಿಯ ಶಾಸನಗಳು ಹೇಳುತ್ತವೆ. ವಿಜಯಾದಿತ್ಯನು ರಕ್ತಪುರದ ಬೀಡಿನಲ್ಲಿದ್ದಾಗ ಕೊಟ್ಟ ದಾನ ಶಕವರ್ಷ 651ರದು. ರಕ್ತಪುರವನ್ನು ಕಿಸುವೊಳಲೆಂದೇ ವಿದ್ವಾಂಸರು ಗುರುತಿಸುತ್ತಾರೆ; ಕಿಸು ಎಂದರೂ ಕೆಂಪೇ. ಶಕ 656ರಲ್ಲಿ ವಿಕ್ರಮಾದಿತ್ಯನು ಶಂಖತೀರ್ಥ ಬಸದಿಯನ್ನೂ ಧವಲ ಜಿನಾಲಯವನ್ನೂ ಜೀರ್ಣೋದ್ಧಾರ ಮಾಡಿಸಿದ. ಅದಕ್ಕೆ ಬಿನ್ನಹ ಮಾಡಿಕೊಂಡವನು ಬಾಹುಬಲಿಯೆಂಬ ಶ್ರೇಷ್ಠಿ. ಅಂದರೆ ಇಷ್ಟು ಹಿಂದೆಯೇ ಆ ಕಟ್ಟಡಗಳು ದುರಸ್ತಿ ಬೇಡುವಷ್ಟು ಹಳೆಯವಾಗಿದ್ದವು. ದುರಸ್ತಿ ಬೇಕೆಂದು ಅರಸನಿಗೆ ಹೇಳಿದವನು ಅದೇ ಪೇಟೆಯ ವ್ಯಾಪಾರಿ.

ಈ ದಾನಶಾಸನಗಳ ವಿಷಯದಲ್ಲಿ ಒಂದು ತೊಡಕಿದೆ; ಅದನ್ನು ಮುಚ್ಚಿಡುವುದು ವಿದ್ವತ್ತಿಗೆ ಸಲ್ಲದು. ಇವು ಮೂಲಶಾಸನಗಳಲ್ಲ. ಕ್ರಿ.ಶ. 968ರ ಸುಮಾರಿಗೆ, ಗಂಗರ ಮಾರಸಿಂಹನ ಕಾಲದಲ್ಲಿ ಮತ್ತು ಅದರ ಆಸುಪಾಸಿನಲ್ಲಿ, ಹಳೆಯ ದತ್ತಿಗಳನ್ನು ಹೊಸ ಕಲ್ಲಿಗೆ ಏರಿಸಿದ ಪ್ರತಿಗಳು. ಫ್ಲೀಟ್ ಇವುಗಳನ್ನು ಸಂಶಯದಿಂದಲೇ ಕಂಡರು. ನಮ್ಮಲ್ಲಿ ಕೆಲವರು ಈ ಸಂಶಯವನ್ನು ಧರ್ಮಕ್ಕಾದ ಅವಮಾನವೆಂದು ಭಾವಿಸುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಬರೆದುಕೊಂಡ ಪ್ರತಿಯೂ ಒಂದು ಸಾಕ್ಷ್ಯವೇ. ಇನ್ನೂರು ಮುನ್ನೂರು ವರ್ಷಗಳ ತರುವಾಯ ಒಂದು ಊರಿನ ಜನ ತಮ್ಮ ಬಸದಿಯ ಹಳೆಯ ಕಾಗದಪತ್ರಗಳನ್ನೆಲ್ಲ ಹುಡುಕಿ ತೆಗೆದು, ಒಂದೆಡೆ ಸೇರಿಸಿ, ಕಲ್ಲಿಗೆ ಹಾಕಿಸಿದರೆಂದರೆ ಆ ಹೊತ್ತಿಗೆ ಅವರ ಹಕ್ಕನ್ನು ಯಾರೋ ಪ್ರಶ್ನಿಸಿರಬೇಕು. ನಿರಂತರವಾಗಿ ವಾಸವಿರುವ ಊರಿನಲ್ಲಿ ಮಾತ್ರ ಇಂಥ ಜಗಳ ಹುಟ್ಟೀತು. ಪಾಳುಬಿದ್ದ ಊರಿನಲ್ಲಿ ಯಾರೂ ದಾಖಲೆ ಕೇಳುವುದಿಲ್ಲ. ಮಾರಸಿಂಹನು ಕೆಲವೇ ವರ್ಷಗಳಲ್ಲಿ ರಾಜ್ಯವನ್ನು ತೊರೆದು, ಹತ್ತಿರದ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ಮುಡಿಪಿದ.

ಭಾಷೆಯ ವಿಚಾರಕ್ಕೆ ಬಂದರೆ ರಾಜಧಾನಿಗೂ ಊರಿಗೂ ಇರುವ ಅಂತರ ಇನ್ನೂ ಸ್ಪಷ್ಟವಾಗುತ್ತದೆ. ‘ಕವಿರಾಜಮಾರ್ಗ’ ರೂಪುಗೊಂಡದ್ದು 9ನೆಯ ಶತಮಾನದ ನಡುವೆ, ನೃಪತುಂಗನ ಆಸ್ಥಾನದಲ್ಲಿ. ಅವನ ರಾಜಧಾನಿ ಮಾನ್ಯಖೇಟ. ಆದರೂ ಕನ್ನಡದ ತಿರುಳು ಯಾವ ಸೀಮೆಯದೆಂದು ಹೇಳಬೇಕಾದಾಗ ಆ ಕೃತಿ ಮಾನ್ಯಖೇಟದ ಹೆಸರೆತ್ತುವುದಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ, ಈ ನಾಲ್ಕರ ನಡುವಣ ನಾಡನ್ನು ತೋರಿಸುತ್ತದೆ. ಆಸ್ಥಾನದಲ್ಲಿ ಕುಳಿತ ಕವಿ ಆಸ್ಥಾನದ ಊರನ್ನೇ ಬಿಟ್ಟದ್ದು ಸಣ್ಣ ಸಂಗತಿಯಲ್ಲ. ಮುಂದಿನ ಶತಮಾನದ ಪಂಪನೂ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೇಳಿಕೊಂಡ. ಅವನು ಇದ್ದದ್ದು ಅರಿಕೇಸರಿಯ ಬಳಿ, ವೇಮುಲವಾಡದ ಕಡೆ, ಇಂದಿನ ತೆಲಂಗಾಣದಲ್ಲಿ. ಅವನ ಹಿರಿಯರು ವೆಂಗಿನಾಡಿನವರು. ತಾಯಿಯ ಕಡೆಯ ನಂಟು ಅಣ್ಣಿಗೇರಿಯದು. ಅನ್ನ ರಾಜಧಾನಿಯದು, ನುಡಿ ಪುಲಿಗೆರೆಯದು. ಲೆಂಬುಳಪಾಟಕದ ಸಭೆಯಲ್ಲಿ ಓದಿದ ಕಾವ್ಯಕ್ಕೆ ದೂರದ ಒಂದು ಪೇಟೆಯ ಮಾತು ಪ್ರಮಾಣವಾಯಿತು.

ಏಕೆ ಹೀಗೆ? ರಾಜಧಾನಿಯ ನುಡಿಯಲ್ಲಿ ಹೊರಗಿನಿಂದ ಬಂದ ದಂಡಾಳು, ಕರಣಿಕ, ದೂತ, ಪಂಡಿತ ಇವರೆಲ್ಲರ ಮಾತಿನ ಬೆರಕೆಯಿರುತ್ತದೆ. ಪೇಟೆಯ ಊರಿನಲ್ಲಿ ಮಾತಿಗೆ ಬೇರೊಂದು ಬಗೆಯ ಕಟ್ಟುಪಾಡುಂಟು. ಗಾಣಿಗ, ಕಂಚುಗಾರ, ಬ್ರಾಹ್ಮಣ ಮಹಾಜನ, ಬಸದಿಯ ಪಂಡಿತ, ಸೆಟ್ಟಿ ಇವರು ದಿನಕ್ಕೆ ಹತ್ತು ಬಾರಿ ಒಂದೇ ಓಣಿಯಲ್ಲಿ ಎದುರಾಗುತ್ತಾರೆ. ತೂಕದ ಲೆಕ್ಕವನ್ನೂ ದಂಡದ ತೀರ್ಮಾನವನ್ನೂ ಎಲ್ಲರಿಗೂ ತಿಳಿಯುವ ಒಂದೇ ನುಡಿಯಲ್ಲಿ ಮುಗಿಸಬೇಕಾಗುತ್ತದೆ. ಆಚಾರವ್ಯವಸ್ಥೆಯ ಶಾಸನ ಸಂಸ್ಕೃತದಲ್ಲಿರದೆ ಕನ್ನಡದಲ್ಲಿರುವುದಕ್ಕೆ ಇದೇ ಕಾರಣವಿರಬಹುದು. ನಡೆದು ಮುಗಿಸುವಷ್ಟು ಚಿಕ್ಕದಾದ, ಹದಿನೆಂಟು ಕಸುಬು ಹಿಡಿಯುವಷ್ಟು ದೊಡ್ಡದಾದ ಊರೇ ತಿರುಳ್ಗನ್ನಡದ ತವರು ಎಂಬುದು ನನ್ನ ಅಭಿಪ್ರಾಯ. ಇದೇ ಪರಿಸರದ ಮುಳುಗುಂದದಲ್ಲಿ 1112ರಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನು ಸಂಸ್ಕೃತವನ್ನು ಅತಿಯಾಗಿ ತುರುಕುವವರನ್ನು ಹಾಸ್ಯ ಮಾಡಿದ್ದು ಆಕಸ್ಮಿಕವಲ್ಲ. ಅವನ ಗದ್ಯಕ್ಕೆ ಓಣಿಯ ಗಾಳಿ ತಾಕಿದೆ.

ಒಂದೇ ಓಣಿಯ ಬಾಳು ಯಾವಾಗಲೂ ಸೌಹಾರ್ದದ್ದೆಂದು ನಂಬುವವರು ಪುಲಿಗೆರೆಯ ಚರಿತ್ರೆಯನ್ನು ಓದಿಲ್ಲ. 11ನೆಯ ಶತಮಾನದಲ್ಲಿ ಚೋಳರ ದಂಡು ಈ ಸೀಮೆಯ ಬಸದಿಗಳನ್ನು ಸುಟ್ಟಿತೆಂದು ಗಾವರವಾಡದ ಶಾಸನ ದುಃಖದಿಂದ ಹೇಳುತ್ತದೆ. ಅಣ್ಣಿಗೇರಿಯ ಗಂಗಪೆರ್ಮಾಡಿ ಬಸದಿಯನ್ನು 1071ರ ಸುಮಾರಿಗೆ ಸರಿಪಡಿಸಿದವನು ಬೆಳ್ವೊಲ ಮತ್ತು ಪುಲಿಗೆರೆಗಳನ್ನಾಳುತ್ತಿದ್ದ ಲಕ್ಷ್ಮರಸ. ಲಕ್ಷ್ಮೇಶ್ವರವೆಂಬ ಹೆಸರು ಅವನಿಂದಲೇ ಬಂದುದೆಂದು ಹೇಳುವುದುಂಟು. ಹೊರಗಿನವರ ಬೆಂಕಿಯ ಕಥೆ ಇದು. ಒಳಗಿನ ಜಗಳದ ಕಥೆ ರಾಘವಾಂಕನ ‘ಸೋಮನಾಥ ಚಾರಿತ್ರ’ದಲ್ಲಿದೆ. ಸೌರಾಷ್ಟ್ರದಿಂದ ಬಂದ ಶೈವ ವ್ಯಾಪಾರಿ ಆದಯ್ಯ ಪುಲಿಗೆರೆಯ ಜೈನ ಸೆಟ್ಟಿಯ ಮಗಳು ಪದ್ಮಾವತಿಯನ್ನು ಮದುವೆಯಾಗುತ್ತಾನೆ; ಮಾವನ ಮನೆಯವರೊಡನೆ ಮನಸ್ತಾಪ ಬೆಳೆದು, ಕೊನೆಗೆ ಸುರಹೊನ್ನೆ ಬಸದಿಯಲ್ಲಿ ಸೋಮನಾಥನನ್ನು ನೆಲೆಗೊಳಿಸುತ್ತಾನೆ. ಕಾವ್ಯವನ್ನು ವರದಿಯಂತೆ ಓದಬಾರದು. ಅದರಲ್ಲಿರುವ ನೋವನ್ನು ಕಾಣದಂತೆಯೂ ಓದಬಾರದು. ನನಗೆ ಅಲ್ಲಿ ಗಮನಾರ್ಹವಾಗಿ ತೋರುವುದು ಜಗಳದ ಮೂಲ. ಅದು ಹುಟ್ಟಿದ್ದು ಯುದ್ಧಭೂಮಿಯಲ್ಲಲ್ಲ. ವ್ಯಾಪಾರ, ಪ್ರೇಮ, ಊಟದ ಪಂಕ್ತಿ, ಅಳಿಯ ಮಾವಂದಿರ ಮಾತಿಗೆ ಮಾತು, ಇವುಗಳಲ್ಲಿ. ಅಕ್ಕಪಕ್ಕದ ಬಾಗಿಲುಗಳಿಂದಲೇ ಎದ್ದ ಕಥೆಯದು.

ಆ ಜಗಳದ ತರುವಾಯವೂ ಎರಡು ಕಡೆಯವರೂ ಊರು ಬಿಟ್ಟು ಹೋಗಲಿಲ್ಲ. ಇಂದಿಗೂ ಲಕ್ಷ್ಮೇಶ್ವರದಲ್ಲಿ ಶಂಖಬಸದಿಯಿದೆ, ಅದರೊಳಗೆ ಸಹಸ್ರಕೂಟ ಜಿನಬಿಂಬವಿದೆ, ಪೇಟೆಯ ನಡುವೆ ಅನಂತನಾಥ ಬಸದಿಯಿದೆ. ಕೋಟೆಯಂಥ ಪ್ರಾಕಾರದೊಳಗೆ ಸೋಮೇಶ್ವರನ ಗುಡಿಯಿದೆ. ಅಲ್ಲಿ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತಿದ್ದಾರೆ. ಬಿಜಾಪುರದ ಆದಿಲಶಾಹಿಗಳ ಸರದಾರ ಅಂಕುಶಖಾನನು 1617ರಲ್ಲಿ ಕಟ್ಟಿಸಿದ ಜುಮ್ಮಾ ಮಸೀದಿಯಿದೆ, ದೂದನಾನಾ ದರ್ಗಾ ಇದೆ. ಇವೆಲ್ಲವನ್ನೂ ಒಂದು ಮುಂಜಾವಿನಲ್ಲಿ ನಡೆದೇ ನೋಡಬಹುದು. ವಾಹನ ತಂದವರಿಗೆ ಬಜಾರದಲ್ಲಿ ಅದನ್ನು ನಿಲ್ಲಿಸುವ ಜಾಗ ಹುಡುಕುವುದೇ ಒಂದು ಕೆಲಸವಾದೀತು. ಊರಿನ ಭಾಗಗಳಿಗೆ ಇಲ್ಲಿ ‘ಬಣ’ ಎನ್ನುತ್ತಾರೆ. ಬಸ್ತಿಬಣವೆಂಬ ಹೆಸರೇ ಆ ಭಾಗ ಯಾವುದರ ಸುತ್ತ ಬೆಳೆಯಿತೆಂದು ಹೇಳುತ್ತದೆ.

ವಾತಾಪಿಯನ್ನು 642ರಲ್ಲಿ ಪಲ್ಲವರು ಹಿಡಿದರು. ಮಾನ್ಯಖೇಟವನ್ನು 972ರಲ್ಲಿ ಪರಮಾರ ಸೀಯಕ ಸೂರೆಗೈದ. ವಿಜಯನಗರ 1565ರ ತರುವಾಯ ಬರಿದಾಯಿತು. ಅರಸನು ಸೋತಾಗ ಅವನ ಊರಿನ ಅನ್ನವೂ ಸೋಲುತ್ತದೆ. ಪುಲಿಗೆರೆಯ ಒಡೆತನ ಚಾಲುಕ್ಯರಿಂದ ರಾಷ್ಟ್ರಕೂಟರಿಗೆ, ಗಂಗರಿಗೆ, ಮರಳಿ ಚಾಲುಕ್ಯರಿಗೆ, ಕಾಲಾಂತರದಲ್ಲಿ ಆದಿಲಶಾಹಿಗೆ, ಕೊನೆಗೆ ಮಿರಜ ಸಂಸ್ಥಾನಕ್ಕೆ ಕೈಬದಲಾಯಿತು. 1948ರಲ್ಲಿ ಆ ಸಂಸ್ಥಾನವೂ ವಿಲೀನವಾಯಿತು. ಧಾರವಾಡ ಜಿಲ್ಲೆಯಿಂದ 1997ರಲ್ಲಿ ಗದಗ ಜಿಲ್ಲೆಗೆ ಬಂತು. ಇತ್ತೀಚೆಗೆ ತಾನೇ ತಾಲ್ಲೂಕು ಕೇಂದ್ರವೂ ಆಗಿದೆ. ಈ ಬದಲಾವಣೆಗಳ ನಡುವೆ ಸಂತೆ ನಿಲ್ಲಲಿಲ್ಲ.

ಈಗ ನಿಲ್ಲುತ್ತಿರುವುದು ಬೇರೆ. ಕುಡಿಯುವ ನೀರು ಇಂದು ತುಂಗಭದ್ರೆಯಿಂದ ಕೊಳವೆಯಲ್ಲಿ ಬರುತ್ತದೆ. ಹೊಳೆಯಿಲ್ಲದ ಊರಿಗೆ ಕೊನೆಗೂ ಹೊಳೆ ಬಂತು ಎಂದು ಸಂತೋಷಪಡಬಹುದಿತ್ತು. ಆದರೆ ಬೇಸಿಗೆಯಲ್ಲಿ ನಳಕ್ಕೆ ನೀರು ಬರುವ ದಿನಕ್ಕಾಗಿ ಕಾಯುತ್ತ ಕೊಡಗಳನ್ನು ಸಾಲಿಡುವ ಮನೆಗಳ ಹಿಂದೆಯೇ, ಕಲ್ಲು ಕಟ್ಟಿದ ಹಳೆಯ ಬಾವಿ ಕಸ ತುಂಬಿ ನಿಂತಿರುತ್ತದೆ. ಸೋಮೇಶ್ವರ ಗುಡಿಯ ಆವರಣಕ್ಕೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾದದ್ದು ಸಮಾಧಾನದ ಸಂಗತಿ. ಸ್ಮಾರಕವಾದ ಕಟ್ಟಡಕ್ಕೆ ಹೀಗೆ ಯಾರಾದರೂ ಒಡೆಯರು ಸಿಗುತ್ತಾರೆ. ಬಾಹುಬಲಿ ಶ್ರೇಷ್ಠಿಯಂಥವರು ಪ್ರತಿ ಕಾಲದಲ್ಲೂ ಹುಟ್ಟುತ್ತಾರೆ ಎನ್ನೋಣ. ಸಂಕಟವಿರುವುದು ಸ್ಮಾರಕವಲ್ಲದ ಕಟ್ಟಡಗಳದು. ಜಂತಿಯ ಮಾಳಿಗೆ, ಮಣ್ಣಿನ ಮೇಲ್ಮುದ್ದೆ, ಎತ್ತರದ ಕಟ್ಟೆ, ಕೆತ್ತನೆಯ ತೊಲೆಬಾಗಿಲು ಇರುವ ಮನೆಗಳು ಒಂದೊಂದಾಗಿ ಬೀಗ ಬೀಳುತ್ತಿವೆ. ಮಕ್ಕಳು ಹುಬ್ಬಳ್ಳಿಯಲ್ಲಿ, ಪುಣೆಯಲ್ಲಿ, ಬೆಂಗಳೂರಿನಲ್ಲಿ. ವರ್ಷಕ್ಕೊಮ್ಮೆ ಬಂದು ಪೂಜೆ ಮಾಡಿಸಿ ಹೋಗುತ್ತಾರೆ. ಎರಡು ಮಳೆಗಾಲ ಮೇಲ್ಮುದ್ದೆಯನ್ನು ನೋಡದಿದ್ದರೆ ಮಾಳಿಗೆ ಸೋರುತ್ತದೆ, ಮೂರನೆಯದಕ್ಕೆ ಜಂತಿ ಬಾಗುತ್ತದೆ, ಆಮೇಲೆ ಗೋಡೆ. ಇಂಥ ಮನೆಗಳ ಕಟ್ಟೆಗೂ ಅಡಿಪಾಯಕ್ಕೂ ಹಳೆಯ ಕಲ್ಲುಗಳನ್ನು ಬಳಸಿರುವುದರಿಂದ, ಮನೆ ಬಿದ್ದು ಟ್ರ್ಯಾಕ್ಟರಿನಲ್ಲಿ ಮಣ್ಣು ಸಾಗುವಾಗ ಏನೇನು ಸಾಗುತ್ತದೆಯೆಂದು ನೋಡುವವರಿಲ್ಲ.

1,300 ವರ್ಷಗಳ ಹಿಂದೆ ಇದೇ ಊರಿಗೆ ಹಾಕಿಕೊಟ್ಟ ಕಟ್ಟಳೆಯಲ್ಲಿ ಜನರಿಲ್ಲದ ಮನೆಯನ್ನು ಕಾಯುವ ಹೊಣೆ ಅರಸನ ಅಧಿಕಾರಿಯದಾಗಿತ್ತು. ಇಂದು ಸ್ಮಾರಕಕ್ಕೆ ಕಾನೂನಿದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಏನನ್ನೂ ಕಟ್ಟುವಂತಿಲ್ಲ. ಬೀಗ ಬಿದ್ದ ಹಳೆಯ ಮನೆಗೆ ಅಂಥದ್ದೇನೂ ಇಲ್ಲ. ಮನೆಯವರನ್ನು ದೂರುವುದು ಸುಲಭ. ಆದರೆ ಬಿದ್ದ ಗೋಡೆಯನ್ನು ಹಳೆಯ ರೀತಿಯಲ್ಲಿ ಕಟ್ಟಿಸಲು ಹೋದವರಿಗೆ ಮೇಲ್ಮುದ್ದೆ ಹಾಕಬಲ್ಲ ಆಳು ಸಿಗುವುದೇ ಕಷ್ಟವಾಗಿದೆ. ಸಿಮೆಂಟಿನ ಸ್ಲ್ಯಾಬಿಗೆ ಮೇಸ್ತ್ರಿ ನಾಳೆಯೇ ಬರುತ್ತಾನೆ.

ಈ ವರ್ಷ ದ್ವಿತೀಯ ಬಿ.ಎ. ವಿದ್ಯಾರ್ಥಿಗಳಿಗೆ ಶಾಸನ ಪಾಠ ಮಾಡುವಾಗ ಆಚಾರವ್ಯವಸ್ಥೆಯ ಕ್ರಮವನ್ನೇ ಅನುಸರಿಸಿ ಒಂದು ಪಟ್ಟಿ ಸಿದ್ಧಪಡಿಸಿದ್ದೇವೆ. ಒಂದು ಕಾಲಂ ಒಕ್ಕಲಿರುವ ಮನೆಗೆ, ಒಂದು ಬೀಗ ಬಿದ್ದ ಮನೆಗೆ. ಹಿತ್ತಲಲ್ಲಿ ಬಾವಿಯುಂಟೇ, ಕಟ್ಟೆಯಲ್ಲಿ ಅಕ್ಷರವಿರುವ ಕಲ್ಲುಂಟೇ ಎಂಬುದಕ್ಕೆ ಇನ್ನೆರಡು. ಬೀಗದ ಮನೆಯಾದರೆ ಕೀಲಿ ಯಾರ ಬಳಿಯಿದೆ ಎಂಬುದನ್ನು ಬರೆದುಕೊಳ್ಳಲು ಕೊನೆಯಲ್ಲಿ ಸ್ವಲ್ಪ ಜಾಗ ಬಿಟ್ಟಿದೆ. ಹೆಚ್ಚಿನ ಮನೆಗಳ ಕೀಲಿ ಎದುರು ಮನೆಯವರ ಹತ್ತಿರವೇ ಇರುತ್ತದೆಂದು ಆ ಊರಿನಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ದೀಪಾವಳಿ ರಜೆಯಲ್ಲಿ ಬಸ್ತಿಬಣದಿಂದ ಎಣಿಕೆ ಆರಂಭವಾಗಲಿದೆ.